ಫ್ರಾನ್ಸಿನ ರಾಜನ ರುಮಾಲು

ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದವನ್ನು ಓದದೆ ಎಸೆಯುವುದು ಈ ವಯಸ್ಸಿಗೂ ನನ್ನಿಂದ ಆಗಿಲ್ಲ. ಭಜಿ ತಿನ್ನುವುದು ಎಷ್ಟರ ಕೆಲಸ? ಕಾಗದ ಓದುವುದಕ್ಕೆ ಮಾತ್ರ ಕನ್ನಡಕ ಬೇಕು, ಬೆಳಕು ಬೇಕು, ಎಣ್ಣೆ ಹರಡಿದ ಕಡೆ ಹಿಂದಿನ ಪುಟದ ಅಕ್ಷರಗಳು ಈಚೆ ಬಂದು ಸೇರಿಕೊಂಡಿರುವುದರಿಂದ ಒಂದಿಷ್ಟು ತಾಳ್ಮೆಯೂ ಬೇಕು. ನನ್ನ ಹೆಂಡತಿ ಸುಶೀಲಾ ಇದನ್ನು ಚಟ ಎನ್ನುತ್ತಾಳೆ. ಡಾಕ್ಟರು ಭಜಿ ಬಿಡಲು ಹೇಳಿದ್ದಾರೆಯೇ ಹೊರತು ಕಾಗದದ ಬಗ್ಗೆ ಏನೂ ಹೇಳಿಲ್ಲ ಎಂಬುದು ನನ್ನ ವಾದ. ಭಜಿ ತಿನ್ನದೆ ಆ ಕಾಗದ ಸಿಗುವುದು ಹೇಗೆ ಎಂದು ಆಕೆ ಇನ್ನೂ ಕೇಳಿಲ್ಲ, ಅದೊಂದು ಪುಣ್ಯ.

ಮೊನ್ನೆ ಸಿಕ್ಕ ತುಂಡಿನಲ್ಲಿ ಒಂದು ಸುದ್ದಿ ಇತ್ತು. ಎಲ್ಲೋ ಒಂದು ದೊಡ್ಡ ಊರಿನಲ್ಲಿ ಕಾಲೇಜಿನ ಅಧ್ಯಾಪಕರನ್ನೆಲ್ಲ ಕೂಡಿಸಿ, ಚಿತ್ರಕಥೆಗಳನ್ನೂ ಗ್ರಾಫಿಕ್ ಕಾದಂಬರಿಗಳನ್ನೂ ತರಗತಿಯಲ್ಲಿ ಪಾಠಕ್ಕೆ ಹೇಗೆ ಬಳಸಬೇಕು ಎಂದು ಹೇಳಿಕೊಟ್ಟರಂತೆ. ಇದು ಹೊಚ್ಚ ಹೊಸ ವಿಧಾನ ಎಂದು ಯಾರೋ ಭಾಷಣ ಮಾಡಿದ್ದರು. ಯಾರು, ಯಾವ ಊರು ಎಂಬುದೆಲ್ಲ ಎಣ್ಣೆಯ ಪಾಲಾಗಿತ್ತು. ನಾನು ಒಬ್ಬನೇ ಕೂತು ಗಟ್ಟಿಯಾಗಿ ನಕ್ಕೆ. ಸುಶೀಲಾ ಒಳಗಿನಿಂದ ಬಂದು, ಮೆಣಸಿನಕಾಯಿ ನೆತ್ತಿಗೇರಿತೋ ಏನೋ ಎಂದು ನನ್ನ ಮುಖ ನೋಡಿ, ನೀರಿಟ್ಟು ಹೋದಳು.

ನಾನು ಹುಟ್ಟಿ ಬೆಳೆದದ್ದು ರೋಣದಲ್ಲಿ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಮನೆಯಲ್ಲಿ ಪುಸ್ತಕಗಳಿಗೆ ಕೊರತೆ ಇರಲಿಲ್ಲ, ಆದರೆ ಅವೆಲ್ಲ ಓದಿದರೆ ಒಳ್ಳೆಯವರಾಗುವ ಪುಸ್ತಕಗಳು. ಓದಿದರೆ ಖುಷಿಯಾಗುವಂಥದ್ದು ಸಿಗುತ್ತಿದ್ದದ್ದು ಬಜಾರದ ಮಿರ್ಚಿ ಅಂಗಡಿಯಲ್ಲಿ. ಅಂಗಡಿಯಾಕೆಗೆ ಹುಬ್ಬಳ್ಳಿಯಿಂದ ರದ್ದಿ ಬರುತ್ತಿತ್ತು. ಕನ್ನಡ, ಮರಾಠಿ, ಇಂಗ್ಲಿಷ್ ಎಂಬ ಭೇದವಿಲ್ಲದೆ ಎಲ್ಲ ಪತ್ರಿಕೆಗಳೂ ಆಕೆಯ ಕೈಯಲ್ಲಿ ಒಂದೇ ಅಳತೆಗೆ ಹರಿಯುತ್ತಿದ್ದವು. ಮುಂಬಯಿ ಪತ್ರಿಕೆಯ ತುಂಡು ಬಂದರೆ ಅದು ನನ್ನ ಅದೃಷ್ಟ. ಅದರಲ್ಲಿ ಚೌಕಾಬಾರದ ಹಾಗೆ ಸಾಲಾಗಿ ಮನೆ ಹಾಕಿ ಬರೆದ ಚಿತ್ರಕಥೆ ಇರುತ್ತಿತ್ತು. ಕುದುರೆ ಏರಿದ ಒಬ್ಬ ಶೂರ, ಅವನ ಬಾಯಿಂದ ಹೊರಟ ಒಂದು ಬಿಳಿಯ ಗುಳ್ಳೆ, ಗುಳ್ಳೆಯೊಳಗೆ ಮಾತು. ಮಾತು ಇಂಗ್ಲಿಷಿನಲ್ಲಿರುತ್ತಿದ್ದರಿಂದ ಅವನಿಗೆ ನಾನೇ ಕನ್ನಡ ಕಲಿಸಿದ್ದೆ. ರೋಣದ ಕನ್ನಡ.

ಕಷ್ಟವೆಂದರೆ ರದ್ದಿಗೆ ಹಿಂದು ಮುಂದು ಎಂಬುದಿಲ್ಲ. ಈ ಸಂಜೆ ಶೂರ ಬೆಟ್ಟದ ತುದಿಯಿಂದ ಕೆಳಗೆ ಬೀಳುತ್ತಿದ್ದರೆ ಮುಂದಿನ ಸಲ ಮದುವೆಯಾಗುತ್ತಿದ್ದ. ಅದರ ಮುಂದಿನ ಸಲ ಆ ಹುಡುಗಿಯ ಗುರುತೇ ಅವನಿಗೆ ಇರುತ್ತಿರಲಿಲ್ಲ. ಬಿದ್ದವನು ಬದುಕಿದ್ದು ಹೇಗೆ ಎಂಬುದು ಇನ್ಯಾರದೋ ಭಜಿಯ ಜೊತೆ ಅವರ ಮನೆಗೆ ಹೋಗಿಬಿಟ್ಟಿರುತ್ತಿತ್ತು. ನಡುವಿನದನ್ನೆಲ್ಲ ನಾನೇ ಕಟ್ಟಿಕೊಳ್ಳಬೇಕು. ಮುಂದೆ ಧಾರವಾಡದಲ್ಲಿ ಇತಿಹಾಸ ಓದಿ ಎಂ.ಎ. ಮಾಡಿದಾಗ, ದೊಡ್ಡ ದೊಡ್ಡ ವಿದ್ವಾಂಸರು ಮಾಡುವುದೂ ಇದೇ ಕೆಲಸ, ಅವರ ಕಾಗದಕ್ಕೆ ಎಣ್ಣೆ ಹತ್ತಿರುವುದಿಲ್ಲ ಅಷ್ಟೆ ಎಂದು ತಿಳಿಯಿತು.

ಐವತ್ತರ ದಶಕದ ನಡುವಿನಲ್ಲಿ ಗಜೇಂದ್ರಗಡದಲ್ಲಿ ಒಂದು ಕಾಲೇಜು ಶುರುವಾಯಿತು. ಅದಕ್ಕೊಂದು ಉದ್ದನೆಯ ಹೆಸರಿತ್ತು, ಜನ ಮಾತ್ರ ಗಿರಣಿ ಕಾಲೇಜು ಎನ್ನುತ್ತಿದ್ದರು. ಚನ್ನವೀರಪ್ಪ ಸಾಹುಕಾರರು ತಮ್ಮ ಮುಚ್ಚಿದ ಹತ್ತಿ ಗಿರಣಿಯಲ್ಲಿ ಗೋಡೆಗೆ ಸುಣ್ಣ ಬಳಿಸಿ ಬೆಂಚು ಹಾಕಿಸಿದ್ದರು. ನರಗುಂದದ ಇನ್ನೊಬ್ಬ ಸಾಹುಕಾರರು ಹೈಸ್ಕೂಲು ಕಟ್ಟಿಸಿದ್ದನ್ನು ಕೇಳಿ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಯಾವುದು ಎಂದು ವಿಚಾರಿಸಿ, ಕಾಲೇಜು ಎಂದು ಗೊತ್ತಾದ ಕೂಡಲೇ ಅದನ್ನೇ ಮಾಡಿಬಿಟ್ಟರು ಎಂದು ಊರಲ್ಲಿ ಹೇಳುತ್ತಿದ್ದರು. ಗಿರಣಿಯ ಸಾಮಾನೆಲ್ಲ ಸಾಗಿಸಿದರೂ ಹತ್ತಿಯ ಗಂಟು ಒತ್ತುವ ದೊಡ್ಡ ಪ್ರೆಸ್ಸನ್ನು ಮಾತ್ರ ಯಾರಿಗೂ ಅಲುಗಿಸಲು ಆಗಿರಲಿಲ್ಲ. ಎರಡು ಕಂಬ, ನಡುವೆ ಮೇಲಿನಿಂದ ಇಳಿಯುವ ಒಂದು ಭಾರಿ ಹಲಗೆ. ಅದು ನನ್ನ ತರಗತಿಯ ಮೂಲೆಯಲ್ಲೇ ನಿಂತಿತ್ತು. ಹಾಜರಿ ಕರೆಯುವಾಗ ಅದನ್ನೂ ಕರೆಯಬೇಕು ಅನ್ನಿಸುವಷ್ಟು ಅದು ನಮ್ಮ ಪೈಕಿ ಆಗಿತ್ತು.

ಸಾಹುಕಾರರು ಸಂಸ್ಥೆಯ ಚೇರಮನ್ನರು. ಮೈ ತುಂಬಿದ ಆಳು. ಅಂಗಡಿಯ ಗಾದಿಯ ಮೇಲೆ ಲೋಡಿಗೆ ಒರಗಿ ಕೂತರೆ ಗಾದಿ ಎಲ್ಲಿ ಮುಗಿಯಿತು, ಸಾಹುಕಾರರು ಎಲ್ಲಿ ಶುರುವಾದರು ಎಂದು ದೂರದಿಂದ ತಿಳಿಯುತ್ತಿರಲಿಲ್ಲ. ದಾರ ಕಟ್ಟಿದ ಕನ್ನಡಕ, ಬಾಯಲ್ಲಿ ಎಲೆ ಅಡಿಕೆ, ತಲೆಯ ಮೇಲೆ ಕೆಂಪು ಅಂಚಿನ ರುಮಾಲು. ಫೋಟೊ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವರ ದೃಢವಾದ ನಂಬಿಕೆ. ಕಾಲೇಜಿನ ಉದ್ಘಾಟನೆಯ ದಿನ ಗದಗಿನಿಂದ ಬಂದ ಫೋಟೊಗ್ರಾಫರನು ಕರಿಯ ಬಟ್ಟೆಯೊಳಗೆ ತಲೆ ಹಾಕಿದ್ದೇ ತಡ, ಅವರು ಎದ್ದು ಹಿತ್ತಲಿಗೆ ಹೋಗಿಬಿಟ್ಟರು. ಆ ಫೋಟೊದಲ್ಲಿ ಎಲ್ಲರೂ ಇದ್ದಾರೆ, ನಡುವಿನ ಕುರ್ಚಿ ಮಾತ್ರ ಖಾಲಿ.

ನನ್ನ ಸಂದರ್ಶನ ನಡೆದದ್ದು ಅವರ ಅಂಗಡಿಯಲ್ಲಿ. ನಾನು ಧಾರವಾಡದ ಗಾಳಿ ಹತ್ತಿದ ಹುಡುಗ, ಎಣ್ಣೆ ಹಚ್ಚಿ ಓರೆ ಬೈತಲೆ ತೆಗೆದು, ಟೊಪ್ಪಿಗೆ ಇಲ್ಲದೆ ಹೋಗಿದ್ದೆ. ಸಾಹುಕಾರರು ನನ್ನ ತಲೆಯನ್ನು ಬಹಳ ಹೊತ್ತು ನೋಡಿ, ತಂದೆ ತಾಯಿ ಇದ್ದಾರೆಯೇ ಎಂದು ಮೆಲ್ಲಗೆ ಕೇಳಿದರು. ಎಂಥ ಮಮತೆ ಎಂದುಕೊಂಡು, ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ ಎಂದೆ. ಅವರ ಮುಖ ಇನ್ನಷ್ಟು ಗಂಟಾಯಿತು. ನಮ್ಮ ಕಡೆ ಆಗ ಯಾರ ಮನೆಯಲ್ಲಿ ಸಾವಾಗಿದೆಯೋ ಅವರು ಮಾತ್ರ ಬರಿತಲೆಯಲ್ಲಿ ಹೊರಗೆ ಬರುತ್ತಿದ್ದರು. ಬದುಕಿರುವ ಅಪ್ಪನಿಗೆ ಈ ಹುಡುಗ ದಿನಾ ಸೂತಕ ಮಾಡುತ್ತಿದ್ದಾನಲ್ಲ ಎಂದು ಅವರು ಅಂದುಕೊಂಡಿದ್ದು ನನಗೆ ಆಮೇಲೆ ತಿಳಿಯಿತು. ಅಂತೂ ನೌಕರಿ ಕೊಟ್ಟರು. ಒಂದು ವರ್ಷ ನೋಡುವುದು, ಸರಿಬಂದರೆ ಕಾಯಂ ಮಾಡುವುದು, ಇಲ್ಲದಿದ್ದರೆ ರೋಣದ ಬಸ್ಸು.

ಈ ಕಾಯಂ ಎಂಬ ಪದಕ್ಕೆ ನನ್ನ ಇಡೀ ಬಾಳು ಜೋತುಬಿದ್ದಿತ್ತು. ನರಗುಂದದಲ್ಲಿ ನನಗೆ ಒಂದು ಹೆಣ್ಣು ಗೊತ್ತಾಗಿತ್ತು. ನೋಡಲು ಹೋದಾಗ ಆಕೆ ತಟ್ಟೆಯಲ್ಲಿ ಅವಲಕ್ಕಿ ತಂದಿಟ್ಟು, ತಲೆ ತಗ್ಗಿಸಿ ಕೂರುವ ಬದಲು ನನ್ನನ್ನು ನೇರವಾಗಿ ನೋಡಿದ್ದಳು. ಪರೀಕ್ಷೆಗೆ ಬಂದವನು ನಾನೋ ಆಕೆಯೋ ತಿಳಿಯದೆ, ಅವಲಕ್ಕಿಯಲ್ಲಿನ ಹಸಿಮೆಣಸಿನಕಾಯಿಯನ್ನು ಇಡಿಯಾಗಿ ಅಗಿದು ಕಣ್ಣೀರು ಹಾಕಿದೆ. ಆಕೆ ನಗು ತಡೆದುಕೊಂಡಳು. ಮೂಗಿನ ನತ್ತು ಮಾತ್ರ ಅಲುಗಿತು. ಆ ನತ್ತನ್ನು ನಾನು ಮರೆಯಲಿಲ್ಲ. ಆದರೆ ಆಕೆಯ ತಂದೆ ಕೋರ್ಟಿನಲ್ಲಿ ಕಾರಕೂನರಾಗಿದ್ದವರು, ಮಾತನ್ನೆಲ್ಲ ಷರತ್ತು ಹಾಕಿಯೇ ಆಡುವವರು. ಕಾಯಂ ಆದ ಮೇಲೆ ಮುಹೂರ್ತ, ಅಲ್ಲಿಯವರೆಗೆ ಗದಗಿನ ರೇಲ್ವೆ ಗುಮಾಸ್ತನ ಜಾತಕವೂ ನಮ್ಮ ಹತ್ತಿರ ಇರುತ್ತದೆ ಎಂದರು.

ಇಷ್ಟೆಲ್ಲ ಇಟ್ಟುಕೊಂಡು ಪಾಠಕ್ಕೆ ನಿಂತರೆ, ಪಾಠ ಮಾಡಲು ನನಗೆ ಬರುತ್ತಿರಲಿಲ್ಲ. ನಮ್ಮ ಪ್ರಿನ್ಸಿಪಾಲರು ಇನಾಮದಾರರು ತರ್ಕಶಾಸ್ತ್ರ ಕಲಿಸುತ್ತಿದ್ದರು. ಪಾಠವೆಂದರೆ ನೋಟ್ಸು ಬರೆಸುವುದು ಎಂಬುದು ಅವರ ಸಿದ್ಧಾಂತ. ಕಾಮಾ, ಪೂರ್ಣವಿರಾಮಗಳನ್ನೂ ಬಾಯಲ್ಲಿ ಹೇಳಿ ಬರೆಸುತ್ತಿದ್ದರು. ನನಗೂ ಅದನ್ನೇ ಮಾಡಲು ಹೇಳಿದ್ದರು. ನನ್ನ ಪಾಲಿಗೆ ಬಂದದ್ದು ಫ್ರಾನ್ಸಿನ ಕ್ರಾಂತಿ, ಅದೂ ಊಟದ ನಂತರದ ತಾಸು, ಅದೂ ತಗಡಿನ ಛಾವಣಿಯ ಕೆಳಗೆ. ವಿದ್ಯಾರ್ಥಿಗಳಲ್ಲಿ ಅರ್ಧ ಜನ ನನಗಿಂತ ದೊಡ್ಡವರು. ಲಕ್ಕಲಕಟ್ಟಿಯ ಮಲ್ಲಪ್ಪನಿಗಂತೂ ಮದುವೆಯಾಗಿ ಮಕ್ಕಳಿದ್ದರು. ಹೊಲದ ಕೆಲಸ ಮುಗಿಸಿಕೊಂಡು ಬಂದು, ನಾನು ಕ್ರಾಂತಿಯ ಮೊದಲ ಕಾರಣ ಹೇಳುವಷ್ಟರಲ್ಲಿ ಪ್ರೆಸ್ಸಿನ ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದ. ಅವನನ್ನು ಬೈಯುವ ಧೈರ್ಯ ನನಗಿರಲಿಲ್ಲ. ನನ್ನ ಪಾಠ ಕೇಳಿ ನನಗೇ ಆಕಳಿಕೆ ಬರುತ್ತಿತ್ತು.

ಒಂದು ಮಧ್ಯಾಹ್ನ ಬೇಸತ್ತು, ಪುಸ್ತಕ ಮುಚ್ಚಿಟ್ಟು, ಕರಿಹಲಗೆಯ ಮೇಲೆ ಒಂದು ಮನೆ ಹಾಕಿ ಅದರಲ್ಲಿ ಒಬ್ಬ ದಪ್ಪ ಮನುಷ್ಯನನ್ನು ಕೂಡಿಸಿದೆ. ಪಕ್ಕದ ಮನೆಯಲ್ಲಿ ಒಬ್ಬ ಬಡಕಲು ರೈತ. ರೈತನ ಬಾಯಿಂದ ಗುಳ್ಳೆ ತೆಗೆದು, "ಯಪ್ಪಾ, ರೊಟ್ಟಿ ಇಲ್ಲ" ಎಂದು ಬರೆದೆ. ಗೊರಕೆ ನಿಂತಿತು. ತಿರುಗಿ ನೋಡಿದರೆ ಮಲ್ಲಪ್ಪ ನೆಟ್ಟಗೆ ಕೂತಿದ್ದ. ಆ ದಪ್ಪ ಮನುಷ್ಯ ಏನೆಂದ ಎಂದು ಕೇಳಿದ. ಅಷ್ಟು ದಿನಗಳಲ್ಲಿ ಆ ತರಗತಿಯಲ್ಲಿ ಹುಟ್ಟಿದ ಮೊದಲ ಪ್ರಶ್ನೆ ಅದು.

ಅಂದಿನಿಂದ ನಾನು ರಾತ್ರಿ ನೋಟ್ಸು ಬರೆಯುವುದನ್ನು ಬಿಟ್ಟು ಚಿತ್ರ ಬರೆಯತೊಡಗಿದೆ. ಹಲಗೆಯ ಮೇಲಿನದು ಅಳಿಸಿಹೋಗುತ್ತದೆ, ದೊಡ್ಡ ಕಾಗದಕ್ಕೆ ನನ್ನಲ್ಲಿ ದುಡ್ಡಿಲ್ಲ. ಗಿರಣಿಯ ಅಟ್ಟದಲ್ಲಿ ಸಾಹುಕಾರರ ಅಂಗಡಿಯ ಹಳೆಯ ಕ್ಯಾಲೆಂಡರುಗಳು ಕಟ್ಟುಗಟ್ಟಲೆ ಬಿದ್ದಿದ್ದವು. ಮುಂದೆ ಕಮಲದ ಮೇಲೆ ಲಕ್ಷ್ಮಿ, ಹಿಂದೆ ಹಾಲಿನಂಥ ಬಿಳಿ. ಆ ಬಿಳಿಯಲ್ಲಿ ನಾನು ಫ್ರಾನ್ಸನ್ನು ಇಳಿಸಿದೆ. ಗಾಳಿ ಬೀಸಿ ಹಾಳೆ ತಿರುಗಿದರೆ ಕ್ರಾಂತಿಯ ನಡುವೆ ಲಕ್ಷ್ಮಿ ಪ್ರತ್ಯಕ್ಷಳಾಗುತ್ತಿದ್ದಳು, ಹುಡುಗರು ಅಭ್ಯಾಸಬಲದಿಂದ ಕೈಮುಗಿಯುತ್ತಿದ್ದರು.

ನಾನು ಚಿತ್ರಕಾರನಲ್ಲ. ನೋಡಿದ್ದನ್ನು ಅಷ್ಟಿಷ್ಟು ಬರೆಯಬಲ್ಲೆ, ನೋಡದ್ದನ್ನು ಬರೆಯಲಾರೆ. ಫ್ರಾನ್ಸನ್ನು ನಾನೆಲ್ಲಿ ನೋಡಿದ್ದೆ? ಅಲ್ಲಿಯ ರೊಟ್ಟಿ ಜೋಳದ ರೊಟ್ಟಿಯಾಯಿತು. ಅಲ್ಲಿಯ ಜನ ಧೋತರ ಉಟ್ಟು, ಹೆಗಲಿಗೆ ಕಂಬಳಿ ಹಾಕಿ, ಕೈಯಲ್ಲಿ ಬಾರುಕೋಲು ಹಿಡಿದು ಕ್ರಾಂತಿಗೆ ಹೊರಟರು. ಜನ ನುಗ್ಗಿ ಒಡೆದ ಆ ಪ್ರಸಿದ್ಧ ಸೆರೆಮನೆಯನ್ನು ಗುಡ್ಡದ ಮೇಲಿನ ಕೋಟೆಯಾಗಿ ಬರೆದೆ. ಅದು ನಮ್ಮ ಗಡ ಎಂದು ಗಜೇಂದ್ರಗಡದ ಹುಡುಗರು, ಗುಡ್ಡದ ಆಕಾರ ನೋಡಿದರೆ ತಿಳಿಯುವುದಿಲ್ಲವೇ, ಅದು ನಮ್ಮದು ಎಂದು ನರಗುಂದದವರು ಜಗಳಕ್ಕೆ ಬಿದ್ದರು. ಯಾವ ಊರಿನ ಕೋಟೆ ಒಡೆಸಿಕೊಳ್ಳಬೇಕು ಎಂಬ ಮಾನದ ಪ್ರಶ್ನೆ ಇಡೀ ಒಂದು ತಾಸು ತಿಂದಿತು. ಕೊನೆಗೆ ಅರ್ಧ ಅರ್ಧ ಎಂದು ರಾಜಿ ಮಾಡಿಸಿದೆ.

ರಾಣಿಗೆ ಒಂದು ಮುಖ ಬೇಕಾಗಿತ್ತು. ನಾನು ಸರಿಯಾಗಿ ದಿಟ್ಟಿಸಿ ನೋಡಿದ ಹೆಣ್ಣು ಒಬ್ಬಳೇ. ಹೀಗಾಗಿ ಫ್ರಾನ್ಸಿನ ರಾಣಿ ಕಚ್ಚೆ ಹಾಕಿ ಸೀರೆ ಉಟ್ಟು, ಮೂಗಿಗೆ ನತ್ತು ಇಟ್ಟುಕೊಂಡು, ಎದುರಿನವರನ್ನು ನೇರವಾಗಿ ನೋಡುತ್ತ, ರೊಟ್ಟಿ ಇಲ್ಲದವರು ಮಾದಲಿ ತಿನ್ನಲಿ ಎಂದಳು. ಮಾದಲಿಗೆ ಗೋಧಿ ಬೇಕು, ಬೆಲ್ಲ ಬೇಕು, ತುಪ್ಪ ಬೇಕು. ಈ ಹೆಣ್ಣುಮಗಳು ಒಲೆಯ ಮುಂದೆ ಕೂತವಳೇ ಅಲ್ಲ ಎಂದು ಮಲ್ಲಪ್ಪ ತೀರ್ಪು ಕೊಟ್ಟ. ರಾಜರು ಯಾಕೆ ಹಾಳಾದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಈವರೆಗೆ ಓದಿಲ್ಲ.

ಇನ್ನು ರಾಜ. ಇಲ್ಲಿ ನಾನು ಪ್ರಮಾಣ ಮಾಡಿ ಹೇಳುತ್ತೇನೆ, ಬೇಕಂತ ಮಾಡಿದ್ದಲ್ಲ. ಗಾದಿಯ ಮೇಲೆ ಕೂತು ಹುಕುಂ ಮಾಡುವ ದಪ್ಪ ಮನುಷ್ಯ ಎಂದರೆ ನನ್ನ ಕೈಗೆ ಗೊತ್ತಿದ್ದದ್ದು ಒಂದೇ ಆಕಾರ. ಲೋಡು ಬಂತು, ದಾರದ ಕನ್ನಡಕ ಬಂತು, ಎಲೆ ಅಡಿಕೆಗೆ ಉಬ್ಬಿದ ಗಲ್ಲ ಬಂತು. ಕಿರೀಟ ಬರೆಯಲು ಹೋದರೆ ಅದು ನೀರಿನ ಚೆರಿಗೆಯ ಹಾಗೆ ಕಂಡಿತು. ಅಳಿಸಿ ರುಮಾಲು ಹಾಕಿದೆ. ಮುಗಿಸಿ ದೂರ ನಿಂತು ನೋಡಿದರೆ ಹಾಳೆಯ ಮೇಲೆ ಕೂತಿದ್ದವರು ನಮ್ಮ ಚೇರಮನ್ನರು. ಹರಿಯಬೇಕೆಂದುಕೊಂಡೆ. ಆದರೆ ಅಷ್ಟು ಚೆನ್ನಾಗಿ ನಾನು ಯಾವತ್ತೂ ಏನನ್ನೂ ಬರೆದಿರಲಿಲ್ಲ.

ಹುಡುಗರಿಗೆ ಮೊದಲ ದಿನವೇ ಗೊತ್ತಾಯಿತು. ಯಾರೂ ಬಾಯಿ ಬಿಡಲಿಲ್ಲ, ಆದರೆ ರಾಜನ ಮನೆ ಬಂದಾಗಲೆಲ್ಲ ಮೂಲೆಯಲ್ಲಿ ಒಂದು ಸಂತೋಷದ ಕೆಮ್ಮು ಏಳುತ್ತಿತ್ತು. ತರಗತಿ ತುಂಬತೊಡಗಿತು. ಬೇರೆ ತಾಸಿನವರು ಬಂದು ಕಿಟಕಿಯಲ್ಲಿ ನಿಂತರು. ನಿಂತವರಲ್ಲಿ ಹೆಚ್ಚಿನವರು ತರ್ಕಶಾಸ್ತ್ರದವರು. ಅತ್ತ ಪ್ರಿನ್ಸಿಪಾಲರು ಖಾಲಿ ಬೆಂಚುಗಳಿಗೆ ಕಾಮಾ, ಪೂರ್ಣವಿರಾಮ ಹೇಳುತ್ತಿದ್ದರು. ಅವರು ಒಂದು ದಿನ ಸದ್ದಿಲ್ಲದೆ ಬಂದು, ಕಿಟಕಿಯಲ್ಲಿನ ತಲೆಗಳ ನಡುವೆ ತಮ್ಮದೂ ಒಂದು ತಲೆ ತೂರಿಸಿ ನೋಡಿದರು. ಅವರ ಮುಖದಲ್ಲಿ ನನಗೆ ಸಿಟ್ಟು ಕಾಣಲಿಲ್ಲ, ಆನಂದ ಕಂಡಿತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಸಂಕ್ರಾಂತಿ ಕಳೆದ ಮೇಲೆ, ಕಾಯಂ ಮಾಡುವ ಸಭೆಗೆ ಸ್ವಲ್ಪ ಮುಂಚೆ, ಅವರು ಚೇರಮನ್ನರನ್ನು ಕರೆದುಕೊಂಡು ನನ್ನ ತರಗತಿಗೆ ಬಂದರು. ದಿನವನ್ನು ಸರಿಯಾಗಿಯೇ ಆರಿಸಿದ್ದರು. ಅಂದು ನಾನು ತೂಗುಹಾಕಿದ್ದದ್ದು ಕೊನೆಯ ಹಾಳೆ. ರಾಜನ ಕುತ್ತಿಗೆ ಕತ್ತರಿಸಿದ ಯಂತ್ರವನ್ನು ನಾನು ನೋಡಿರಲಿಲ್ಲವಾದ್ದರಿಂದ ನಮ್ಮ ಮೂಲೆಯ ಪ್ರೆಸ್ಸನ್ನೇ ನೋಡಿ ಬರೆದಿದ್ದೆ. ಅದರ ಕೆಳಗೆ, ಕೈ ಹಿಂದೆ ಕಟ್ಟಿಸಿಕೊಂಡು, ಮೊಣಕಾಲೂರಿ, ಬೆನ್ನು ನೆಟ್ಟಗೆ ಇಟ್ಟು ರಾಜ ಕೂತಿದ್ದ. ಬರಿತಲೆ. ಸಾಹುಕಾರರ ಬರಿತಲೆಯನ್ನು ಊರಲ್ಲಿ ಯಾರೂ ನೋಡಿರಲಿಲ್ಲ; ಬೋಳು ಎಂದು ನಾನೇ ಊಹಿಸಿ, ಹೊಳಪು ಬರಲೆಂದು ನಡುವೆ ಒಂದು ಬಿಳಿಯ ಚುಕ್ಕೆಯನ್ನೂ ಬಿಟ್ಟಿದ್ದೆ.

"ತಾವ ಕಣ್ಣಾರೆ ನೋಡ್ರಿ ಸಾಹುಕಾರ್ರ. ನಾ ಏನೂ ಹೇಳೂದಿಲ್ಲ" ಎಂದು ಪ್ರಿನ್ಸಿಪಾಲರು ಬದಿಗೆ ಸರಿದು ನಿಂತರು.

ಸಾಹುಕಾರರು ಹಾಳೆಯ ಹತ್ತಿರ ಹೋದರು. ದೃಷ್ಟಿ ಮಂದವಾಗಿದ್ದರಿಂದ ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದರು. ಸಂತೆಯಲ್ಲಿ ಹತ್ತಿ ನೋಡುವಾಗಿನ ಅದೇ ನಿಧಾನದಿಂದ ಒಂದೊಂದೇ ಮನೆ ದಾಟಿ ಬಂದರು. ನಾನು ಮನಸ್ಸಿನಲ್ಲೇ ನರಗುಂದಕ್ಕೆ ಹೋಗಿ, ಸುಶೀಲಾಳಿಗೆ ರೇಲ್ವೆ ಗುಮಾಸ್ತನ ಜೊತೆ ಅಕ್ಷತೆ ಹಾಕಿ, ಊಟ ಮಾಡದೆ ತಿರುಗಿ ಬಂದೆ.

"ಇಂವ ಯಾರ್ರಿ?" ಎಂದರು ಸಾಹುಕಾರರು.

"ಫ್ರಾನ್ಸಿನ ರಾಜಾರಿ."

"ಏನ್ ಮಾಡಿದ್ದಾ?"

ಪುಸ್ತಕದಲ್ಲಿ ಕ್ರಾಂತಿಗೆ ಕಾರಣಗಳು ಸಾಲುಸಾಲಾಗಿದ್ದವು. ಒಂದೂ ನೆನಪಿಗೆ ಬರಲಿಲ್ಲ. "ಮಂದಿ ಹಸ್ಕೊಂಡಿದ್ರರಿ. ಇವಗ ಗೊತ್ತಾಗ್ಲಿಲ್ಲರಿ" ಎಂದೆ.

"ಯಾರೂ ಹೇಳ್ಲಿಲ್ಲೇನು?"

"ಹೇಳಾಕ ಬಂದಿದ್ರರಿ. ಬಾಜೂಕ ಇದ್ದವ್ರು ಬಿಡ್ಲಿಲ್ಲರಿ."

ಸಾಹುಕಾರರು ತಲೆ ಎತ್ತಿ, ತಮ್ಮ ಬಾಜೂಕ ನಿಂತಿದ್ದ ಪ್ರಿನ್ಸಿಪಾಲರನ್ನು ಒಮ್ಮೆ ನೋಡಿ, ಮತ್ತೆ ಬಗ್ಗಿದರು. ಬೆರಳು ಪ್ರೆಸ್ಸಿನ ಕಂಬ ಸವರಿ ಕೆಳಗಿಳಿದು ರಾಜನ ಬೋಳುತಲೆಯ ಮೇಲೆ ನಿಂತಿತು.

"ಇವನ ರುಮಾಲ ಎಲ್ಲೈತಿ?"

"ತಗದಾರ್ರಿ. ಕುತಗಿಗೆ ಅಡ್ಡ ಬರ್ತದಂತ..."

"ರುಮಾಲ ತಲೀಮ್ಯಾಲ ಇರ್ತೈತಿ. ಕುತಗಿಗೆ ಹ್ಯಾಂಗ ಅಡ್ಡ ಬರ್ತೈತ್ರಿ?"

ಪ್ರಿನ್ಸಿಪಾಲರ ಇಡೀ ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನನ್ನ ಇತಿಹಾಸದಲ್ಲಂತೂ ಮೊದಲೇ ಇಲ್ಲ.

"ತಲಿ ಹೋಗೂದು ಹೋಗ್ತೈತಿ, ಅದಕ್ಕೇನ್ ಮಾಡಾಕ ಬರ್ತೈತಿ. ಬರೇತಲೀಲೆ ಮಂದ್ಯಾಗ ಕುಂದ್ರಸಬ್ಯಾಡ್ರಿ. ರುಮಾಲ ಹಾಕ್ರಿ" ಎಂದರು.

ನಾನು ಕುಂಚ ತೆಗೆದುಕೊಂಡೆ. ಬೋಳುತಲೆಯ ಮೇಲೆ ಒಂದು ಸುತ್ತು ಬರೆದೆನೋ ಇಲ್ಲವೋ, ಸಾಹುಕಾರರು ತಡೆದರು. ಸುತ್ತು ಹಾಗಲ್ಲ, ಎಡಕ್ಕೆ ಬರಬೇಕು ಎಂದು, ತಮ್ಮ ತಲೆಯನ್ನು ನನ್ನತ್ತ ಬಗ್ಗಿಸಿ, ರುಮಾಲಿನ ಮಡಿಕೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಬೆರಳಿಟ್ಟು ತೋರಿಸಿದರು. ಜನ್ಮದಲ್ಲಿ ರುಮಾಲು ಸುತ್ತದ ನಾನು ಅಷ್ಟೂ ಹಾಳೆಗಳಲ್ಲಿ ರಾಜನಿಗೆ ತಪ್ಪಾಗಿಯೇ ಸುತ್ತಿದ್ದೆ. ಅಂಚಿಗೆ ಕೆಂಪು ಬೇಕು ಎಂದರು, ಹಾಕಿದೆ. ದೂರ ನಿಂತು ನೋಡಿದರು. ನಂತರ ಹಿಂದಿನ ಬೆಂಚಿಗೆ ಹೋಗಿ, ಮಲ್ಲಪ್ಪನನ್ನು ಸ್ವಲ್ಪ ಸರಿಯಲು ಹೇಳಿ, ಅವನ ಪಕ್ಕದಲ್ಲಿ ಕೂತು, ಮುಂದೆ ಹೇಳಿ ಮಾಸ್ತರ ಎಂದರು. ಪ್ರಿನ್ಸಿಪಾಲರಿಗೆ ಕೂರಲು ಜಾಗ ಉಳಿದಿರಲಿಲ್ಲ.

ಕಾಯಂ ಮಾಡುವ ಸಭೆಯಲ್ಲಿ ನಡೆದದ್ದನ್ನು ಕಮಿಟಿಯ ಒಬ್ಬರು ಮಾರನೆಯ ದಿನ ನನಗೆ ಹೇಳಿ ನಕ್ಕರು. ನನ್ನ ಸರದಿ ಬಂದಾಗ ಪ್ರಿನ್ಸಿಪಾಲರು ಎದ್ದು ನಿಂತು, ಈ ಗೃಹಸ್ಥರು ಕಾಲೇಜಿನಂಥ ಪವಿತ್ರ ಜಾಗದಲ್ಲಿ ಬಜಾರದ ಚಿತ್ರಕಥೆ ತೋರಿಸುತ್ತಾರೆ, ಅದಿರಲಿ, ಆ ಚಿತ್ರದಲ್ಲಿ ತಲೆ ಕತ್ತರಿಸಿಕೊಳ್ಳುವ ರಾಜನ ಮುಖ ಗೌರವಾನ್ವಿತರೊಬ್ಬರ ಹಾಗೆ ಇದೆ ಎಂದರಂತೆ. ಸಾಹುಕಾರರು ಬಾಯಲ್ಲಿನ ಎಲೆ ಅಡಿಕೆಯನ್ನು ಒಂದು ಗಲ್ಲದಿಂದ ಇನ್ನೊಂದಕ್ಕೆ ಸರಿಸಿಕೊಂಡು ಕೇಳಿದರು:

"ಯಾರ ಹಂಗ ಅದಾನ್ರಿ?"

ಈಗ ಹೇಳಬೇಕಾದವರು ಪ್ರಿನ್ಸಿಪಾಲರು. ಚಿತ್ರ ಬರೆದವನು ನಾನಾದರೂ, ಆ ತಲೆ ನಿಮ್ಮದು ಎಂದು ಚೇರಮನ್ನರ ಎದುರಿಗೆ ಬಾಯಿಬಿಟ್ಟು ಹೇಳುವ ಮೊದಲ ಮನುಷ್ಯ ಅವರಾಗಬೇಕಿತ್ತು. ಕಮಿಟಿಯವರೆಲ್ಲ ತಮ್ಮ ತಮ್ಮ ಕಾಲುಗಳನ್ನು ನೋಡಿಕೊಳ್ಳತೊಡಗಿದರು. ಪ್ರಿನ್ಸಿಪಾಲರು ಛಾವಣಿ ನೋಡಿದರು, ಬಾಗಿಲು ನೋಡಿದರು.

"ಯಾರ ಹಂಗೂ ಇಲ್ಲರಿ" ಎಂದರು.

"ಹಂಗಾರ ಮಾಸ್ತರನ್ನ ಕಾಯಂ ಮಾಡ್ರಿ" ಎಂದರು ಸಾಹುಕಾರರು.

ಮದುವೆ ನರಗುಂದದಲ್ಲಿ ಆಯಿತು. ನನ್ನ ವಿದ್ಯಾರ್ಥಿಗಳು ಗಜೇಂದ್ರಗಡದಿಂದ ಬಸ್ಸಿನಲ್ಲಿ ಬಂದಿದ್ದರು. ಮದುಮಗಳನ್ನು ನೋಡಿದ್ದೇ ಅವರಲ್ಲಿ ಒಂದು ಗುಜುಗುಜು ಎದ್ದಿತು. ಮಲ್ಲಪ್ಪ ಮುಂದೆ ಬಂದು ಆಕೆಗೆ ಕೈಮುಗಿದು, ಊಟಕ್ಕೆ ಮಾದಲಿ ಇದೆಯೇ ಎಂದು ಬಹಳ ವಿನಯದಿಂದ ಕೇಳಿದ. ಸುಶೀಲಾಳಿಗೆ ಏನೂ ತಿಳಿಯಲಿಲ್ಲ. ಕೆಲವು ದಿನಗಳ ಮೇಲೆ ನನ್ನ ಕೋಣೆಯಲ್ಲಿ ಹಾಳೆಗಳನ್ನು ತೆರೆದು ನೋಡಿದಾಗ ತಿಳಿಯಿತು. ಫ್ರಾನ್ಸಿನ ರಾಣಿಯ ನತ್ತನ್ನು ಬಹಳ ಹೊತ್ತು ನೋಡಿದಳು.

"ಈಕಿಗೆ ಮುಂದೇನಾತು?" ಎಂದಳು.

ಹೇಳಿದೆ.

"ಬರದೀರೇನು ಅದನ್ನೂ?"

ಬರೆದಿರಲಿಲ್ಲ. ರಾಜನನ್ನು ಮುಗಿಸಿದ ಮೇಲೆ ರಾಣಿಯ ಹಾಳೆಗೆ ಕೂತಾಗ ನನ್ನ ಕೈಗೆ ಕುಂಚ ಏಳಲೇ ಇಲ್ಲ. ಮುಂದಿನದನ್ನು ಪುಸ್ತಕದಲ್ಲಿ ಓದಿಕೊಳ್ಳಿ ಎಂದು ಹುಡುಗರಿಗೆ ಹೇಳಿಬಿಟ್ಟಿದ್ದೆ. ಹಾಗೆಂದು ಆಕೆಗೆ ಹೇಳಿದೆ. ಆಕೆ ಹಾಳೆ ಸುತ್ತಿಟ್ಟು ಒಳಗೆ ಹೋದಳು. ಅಂದಿನ ಊಟಕ್ಕೆ ಮಾದಲಿ ಇತ್ತು.

ಕಾಯಂ ಆದದ್ದು ನಾನಷ್ಟೇ ಅಲ್ಲ, ಚಿತ್ರಗಳೂ ಕಾಯಂ ಆದವು. ಸಂತೆಯ ದಿನ ಮಧ್ಯಾಹ್ನ ವ್ಯಾಪಾರ ಇಳಿದ ಮೇಲೆ ಸಾಹುಕಾರರು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಇಂಗ್ಲೆಂಡಿನ ಕತೆ ನೋಡಿದರು, ರೋಮಿನ ಕತೆ ನೋಡಿದರು. ಎಲ್ಲ ದೇಶಗಳ ರಾಜರೂ ದಪ್ಪಗೆ, ಕನ್ನಡಕ ಹಾಕಿಕೊಂಡು, ರುಮಾಲು ಎಡಕ್ಕೆ ಸುತ್ತಿಕೊಂಡಿದ್ದರು. ಬೇರೆ ಮುಖ ಬರೆಯಲು ನನಗೆ ಬರಲೇ ಇಲ್ಲ, ಅವರು ಒಮ್ಮೆಯೂ ಅದರ ಬಗ್ಗೆ ಮಾತಾಡಲಿಲ್ಲ. ಪಾಪ, ಕಣ್ಣು ಮಂದ, ಗುರುತು ಸಿಕ್ಕಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಮಲ್ಲಪ್ಪ ಪಾಸಾಗಿ ಅಬ್ಬಿಗೇರಿಯಲ್ಲಿ ಮಾಸ್ತರನಾದ. ಪರೀಕ್ಷೆಯಲ್ಲಿ ಅವನು ಮಾದಲಿಯ ಬಗ್ಗೆ ಬರೆದನೋ ಏನೋ, ನಾನು ಕೇಳಲಿಲ್ಲ.

ಆ ದಶಕ ಮುಗಿಯುವ ಮೊದಲು ಸಾಹುಕಾರರು ತೀರಿಕೊಂಡರು. ಅಂಗಡಿಯಲ್ಲಿ ಗಾದಿಯ ಮೇಲೆ ಲೋಡಿಗೆ ಒರಗಿದವರು ಹಾಗೆಯೇ ಹೋಗಲಿಲ್ಲ. ಕೆಲವು ದಿನ ಮಲಗಿದ್ದರು. ನಾನು ನೋಡಲು ಹೋದಾಗ ಮುಂದಿನ ವಾರ ಯಾವ ದೇಶ ಎಂದು ಕೇಳಿದ್ದರು. ಕಾಲೇಜಿನಲ್ಲಿ ಶೋಕಸಭೆ ಎಂದು ಗೊತ್ತಾಯಿತು. ಸಂಸ್ಥಾಪಕರ ಭಾವಚಿತ್ರಕ್ಕೆ ಮಾಲೆ ಹಾಕಬೇಕು. ಭಾವಚಿತ್ರ ಎಲ್ಲಿದೆ? ಖಾಲಿ ಕುರ್ಚಿಯ ಫೋಟೊಕ್ಕೆ ಮಾಲೆ ಹಾಕುವುದು ಹೇಗೆ ಎಂದು ಪ್ರಿನ್ಸಿಪಾಲರು ಚಿಂತೆಯಲ್ಲಿದ್ದರು.

ಅಂದು ಸಂಜೆ ಸಾಹುಕಾರರ ಮಗ ನನ್ನ ಮನೆಗೆ ಬಂದ. ಬರಿತಲೆಯಲ್ಲಿದ್ದ. ಹೊಸ್ತಿಲ ಹೊರಗೆ ನಿಂತೇ ಹೇಳಿದ:

"ಅಪ್ಪಾರ ಫೋಟೊ ಒಂದೂ ಇಲ್ಲರಿ ಸರ್. ಹೋಗೂಕಿಂತ ಮೊದ್ಲ ಅಪ್ಪಾರ ಹೇಳ್ಯಾರ್ರಿ. ನಂದೊಂದು ಚಿತ್ರ ಇತಿಹಾಸದ ಮಾಸ್ತರ ಕಡೆ ಐತಿ, ಆ ಪ್ರೆಸ್ಸಿನ ಬುಡಕ ಕುಂತದ್ದು. ರುಮಾಲ ಬರೋಬ್ಬರಿ ಸುತ್ತಿದ್ದು ಅದೊಂದ. ಅದನ್ನ ಇಸ್ಕೊಂಡ ಬಾ, ಅಂತ."

ನಾನು ಒಳಗೆ ಹೋಗಿ ಹಾಳೆ ಹುಡುಕುವ ನೆಪದಲ್ಲಿ ಅತ್ತೆ. ಸುಶೀಲಾ ಪಕ್ಕದಲ್ಲಿ ಬಂದು ನಿಂತು, ಸುತ್ತಿಟ್ಟ ಹಾಳೆಗಳಲ್ಲಿ ಆ ಹಾಳೆಯನ್ನು ತಾನೇ ಹುಡುಕಿ ಕೊಟ್ಟಳು. ಇಬ್ಬರೂ ಸೇರಿ ಕೊನೆಯ ಮನೆಯನ್ನು ಕತ್ತರಿಸಿದೆವು. ಕಟ್ಟಿದ ಕೈಗಳನ್ನು ಬಿಟ್ಟು ಎದೆಯ ಮಟ್ಟಕ್ಕೆ ತೆಗೆದೆವು. ಮೇಲಿನ ಹಲಗೆಯೂ ಹೋಯಿತು. ಪ್ರೆಸ್ಸಿನ ಒಂದು ಕಂಬ ಮಾತ್ರ ರುಮಾಲಿಗೆ ತೀರ ಹತ್ತಿರವಿತ್ತು. ಅದನ್ನು ಕತ್ತರಿಸಿದರೆ ಎಡಕ್ಕೆ ಬಂದ ಸುತ್ತು ಹೋಗುತ್ತಿತ್ತು. ಕಂಬವನ್ನು ಹಾಗೆಯೇ ಬಿಟ್ಟೆವು. ಚೌಕಟ್ಟಿನ ಎಡ ಅಂಚಿನಲ್ಲಿ ಅದು ಈಗಲೂ ಕಾಣುತ್ತದೆ, ಹೊಸಬರು ಅದನ್ನು ಸಾಹುಕಾರರ ವಾಡೆಯ ಕಂಬ ಎಂದು ತಿಳಿಯುತ್ತಾರೆ. ಚಿತ್ರದ ಬೆನ್ನಿಗೆ, ಯಾರಿಗೂ ಕಾಣದಂತೆ, ಲಕ್ಷ್ಮಿ ಇದ್ದಾಳೆ.

ಶೋಕಸಭೆಯಲ್ಲಿ ಪ್ರಿನ್ಸಿಪಾಲರು ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಚಿತ್ರವನ್ನು ನೋಡಿದರು. ಆಮೇಲೆ ಎರಡೂ ಕೈಯಿಂದ ಮಾಲೆ ಹಾಕಿ, ತಲೆಬಾಗಿ, ತದ್ರೂಪ ಹಾಗೇ ಇದ್ದಾರೆ ಎಂದರು. ಅವರ ಕಣ್ಣಲ್ಲೂ ನೀರಿತ್ತು. ಅದನ್ನು ಹೇಳದೆ ಹೋದರೆ ಅನ್ಯಾಯವಾದೀತು. ಅಂಗಡಿಯವರು, ನೇಕಾರರು, ಹಳ್ಳಿಗಳಿಂದ ಬಂದ ರೈತರು, ಗಿರಣಿಯ ತಗಡಿನ ಕೆಳಗೆ ಊರೇ ನೆರೆದಿತ್ತು. ಎಲ್ಲರೂ ರುಮಾಲು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ಬರಿತಲೆಯಲ್ಲಿ ನಿಂತಿದ್ದರು. ಗೋಡೆಯ ಮೇಲೆ ಅವರೊಬ್ಬರೇ ರುಮಾಲು ಸುತ್ತಿಕೊಂಡು ಕೂತಿದ್ದರು.

ನಾನೂ ಅಭ್ಯಾಸವಿಲ್ಲದ ಕೈಯನ್ನು ತಲೆಗೆ ಒಯ್ದೆ. ಅಲ್ಲಿ ಓರೆ ಬೈತಲೆ ಬಿಟ್ಟು ಬೇರೇನೂ ಇರಲಿಲ್ಲ. ಅದೊಂದು ದಿನ ನನಗೊಂದು ರುಮಾಲು ಬೇಕಾಗಿತ್ತು, ತೆಗೆಯುವುದಕ್ಕೆ.